ಲೈಬ್ರರಿ ಮೇಲೆ ಮಹಡಿ ಕಟ್ಟಿ ಪುಸ್ತಕಗಳನ್ನು ಅಲ್ಲಿಗೆ ಸಾಗಿಸಬಹುದಾ?

ಪ್ರಶ್ನೆ: ನಾನು ವಿಜಯಪುರದ ಒಂದು ಪದವಿ ಕಾಲೇಜಿನ ಗ್ರಂಥಪಾಲಕ. ನಮ್ಮ ಲೈಬ್ರರಿ ಕಟ್ಟಡ 1970ರ ದಶಕದ್ದು. ಒಂದೇ ಅಂತಸ್ತು, ಸುಮಾರು 4,500 ಚದರ ಅಡಿ. ಹೊರಗೋಡೆ ಕಲ್ಲಿನದು, ಒಳಗೆ ಎರಡು ಸಾಲು ಕಾಂಕ್ರೀಟ್ ಕಂಬಗಳಿವೆ. 38,000 ಪುಸ್ತಕಗಳಿವೆ, 60 ಜನ ಕೂರಬಹುದು. ಮಳೆಗಾಲದಲ್ಲಿ ಎರಡು ಕಡೆ ಸೋರುತ್ತದೆ. ಒಂದು ಮೂಲೆಯಲ್ಲಿ ಕಿಟಕಿಯಿಂದ ಓರೆಯಾಗಿ ಬಿರುಕು ಬಿಟ್ಟಿದೆ, ಅದು ಬೇಸಿಗೆಯಲ್ಲಿ ಅಗಲವಾಗುತ್ತದೆ, ಮಳೆ ಬಿದ್ದ ಮೇಲೆ ಕಿರಿದಾಗುತ್ತದೆ. ನಮಗೆ ಇನ್ನೂ 150 ಆಸನ ಬೇಕು. ಮೇಲೊಂದು ಮಹಡಿ ಕಟ್ಟಿ ಪುಸ್ತಕಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಕೆಳಗೆ ಪೂರ್ತಿ ಓದುವ ಹಾಲ್ ಮಾಡೋಣ ಅಂತ ಆಡಳಿತ ಮಂಡಳಿ ಹೇಳುತ್ತಿದೆ. ಇದು ಸರಿಯೇ? ಇಲ್ಲ, ಹಳೆಯದನ್ನು ಕೆಡವಿ ಹೊಸದು ಕಟ್ಟುವುದೇ ಮೇಲೋ?

ಉತ್ತರ: ಪುಸ್ತಕಗಳನ್ನು ಮೇಲಕ್ಕೆ ಸಾಗಿಸಬೇಡಿ. ಮಂಡಳಿಯ ಮುಂದಿನ ಸಭೆಯಲ್ಲಿ ಮೊದಲು ಇಷ್ಟನ್ನು ಹೇಳಿ, ಉಳಿದದ್ದು ಆಮೇಲೆ. ಕೆಡವುವ ಮಾತನ್ನೂ ಸದ್ಯಕ್ಕೆ ಬದಿಗಿಡಿ. ನೀವು ಬರೆದಿರುವುದನ್ನು ನೋಡಿದರೆ ಆ ಕಟ್ಟಡಕ್ಕೆ ಇನ್ನೂ ಬಹಳ ಕಾಲ ಬಾಳುವ ಶಕ್ತಿ ಇದೆ ಅನ್ನಿಸುತ್ತದೆ, ಆದರೆ ತಲೆ ಮೇಲೆ ಪುಸ್ತಕ ಹೊರುವ ಶಕ್ತಿ ಇದೆ ಅಂತ ಅನ್ನಿಸುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಪುಸ್ತಕ ಎಷ್ಟು ಭಾರ ಅನ್ನುವುದು ಕಟ್ಟಡದ ಚರ್ಚೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಒಂದು ಪುಸ್ತಕ ಸರಾಸರಿ ಅರ್ಧ ಕಿಲೋ ಅಂದುಕೊಂಡರೂ ನಿಮ್ಮ 38,000 ಪುಸ್ತಕ 19 ಟನ್ ಆಯಿತು. ಕಬ್ಬಿಣದ ರ‍್ಯಾಕುಗಳ ತೂಕ ಬೇರೆ. ಕಟ್ಟಡದ ಮೇಲೆ ಬೀಳುವ ಭಾರಕ್ಕೆ ನಮ್ಮ ದೇಶದಲ್ಲಿ ಐಎಸ್ 875 ಅನ್ನುವ ಕೋಡ್ ಇದೆ, ಅದರ ಎರಡನೇ ಭಾಗದಲ್ಲಿ ಯಾವ ಕೋಣೆಗೆ ಎಷ್ಟು ಭಾರ ಹಿಡಿಯಬೇಕು ಅಂತ ಬರೆದಿದ್ದಾರೆ. ಕ್ಲಾಸ್‌ರೂಮಿಗೆ ಚದರ ಮೀಟರಿಗೆ ಸುಮಾರು 300 ಕಿಲೋ. ಪುಸ್ತಕ ಬೇರೆ ಕಡೆ ಇಟ್ಟು ಬರೀ ಓದುವುದಕ್ಕೆ ಮಾಡಿದ ಹಾಲಿಗೂ ಅಷ್ಟೇ, 300. ಪುಸ್ತಕದ ರ‍್ಯಾಕುಗಳನ್ನು ಸಾಲಾಗಿ ನಿಲ್ಲಿಸುವ ಕೋಣೆಗೆ ಮಾತ್ರ 600, ಅದೂ 2.2 ಮೀಟರ್ ಎತ್ತರದವರೆಗೆ. ಅದಕ್ಕಿಂತ ಎತ್ತರವಾದರೆ ಪ್ರತಿ ಮೀಟರಿಗೆ ಇನ್ನೂ 200 ಸೇರಿಸಬೇಕು. ಈಗ ನಿಮ್ಮ ತಾರಸಿಗೆ ಬನ್ನಿ. ಜನ ಓಡಾಡಬಹುದಾದ ಸಮತಟ್ಟು ತಾರಸಿಗೆ ಹಿಡಿಯುವ ಲೆಕ್ಕ 150 ಕಿಲೋ ಮಾತ್ರ. ಮಹಡಿ ಕಟ್ಟಿದರೆ ಇದೇ ತಾರಸಿ ಮೇಲಿನ ಕೋಣೆಯ ನೆಲವಾಗುತ್ತದೆ ಅಲ್ವಾ? ಅಂದರೆ 150ಕ್ಕೆ ಹಾಕಿದ ಸ್ಲ್ಯಾಬಿನ ಮೇಲೆ 600ರ ಭಾರ. ನಾಲ್ಕು ಪಟ್ಟು. ಜೊತೆಗೆ ಹೊಸ ಗೋಡೆ, ಹೊಸ ಸ್ಲ್ಯಾಬಿನ ತೂಕ. ಅದೆಲ್ಲ ಕಂಬದ ಮೂಲಕ, ಕಲ್ಲಿನ ಗೋಡೆಯ ಮೂಲಕ ಹಳೆಯ ಪಾಯಕ್ಕೆ ಇಳಿಯಬೇಕು.

‘ಆಗಿನ ಕಾಲದ ಕಟ್ಟಡ ಗಟ್ಟಿ ಇರುತ್ತದೆ ಬಿಡಿ’ ಅಂತ ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಗೋಡೆ ಗಟ್ಟಿ ಇರಬಹುದು. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ ಮೇಲಿನಿಂದ ಬರುವ ಭಾರವನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಪಕ್ಕಕ್ಕೆ ಅಲುಗಾಡಿಸಿದರೆ ತಡೆಯುವುದಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತದ್ದು ಮುಖ್ಯವಾಗಿ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಕುಸಿದು. ಅದು ನಮ್ಮ ಜಿಲ್ಲೆಯಿಂದ ಬಹಳ ದೂರವೇನಲ್ಲ. ಭೂಕಂಪದ ಕೋಡ್ ಐಎಸ್ 1893ರ 2016ರ ಆವೃತ್ತಿ ವಿಜಯಪುರವನ್ನು ಮೂರನೇ ವಲಯದಲ್ಲಿ ಇಟ್ಟಿದೆ, ಅಂದರೆ ಅಪಾಯದಲ್ಲಿ ಬೆಂಗಳೂರಿಗಿಂತ ಒಂದು ಮೆಟ್ಟಿಲು ಮೇಲೆ. ಕಲ್ಲಿನ ಗೋಡೆಯ ಕಟ್ಟಡದ ನೆತ್ತಿ ಮೇಲೆ 19 ಟನ್ ಪುಸ್ತಕ ಕೂಡಿಸಿ, ಅದರ ಕೆಳಗೆ 200 ಮಕ್ಕಳನ್ನು ಕೂರಿಸುವ ಯೋಚನೆ ನನಗೆ ಭಯ ಹುಟ್ಟಿಸುತ್ತದೆ. ಈ ಮಾತನ್ನು ಮಂಡಳಿಗೆ ಹೀಗೇ ಹೇಳಿ, ಸುತ್ತಿ ಬಳಸಿ ಹೇಳಬೇಡಿ.

ಒಂದು ಸಾಧ್ಯತೆ ಉಂಟು. ಮುಂದೆ ಮಹಡಿ ಬರಬಹುದು ಅಂತ ಆಗಲೇ ಲೆಕ್ಕ ಹಾಕಿ ಕಟ್ಟಿರಬಹುದು. ಹಳೆಯ ನಕಾಶೆಯಲ್ಲಿ ಅದನ್ನು ಬರೆದಿರುತ್ತಾರೆ, ಕೆಲವು ಕಡೆ ಕಂಬದ ಸರಳುಗಳನ್ನು ತಾರಸಿ ಮೇಲೆ ಹಾಗೇ ಬಿಟ್ಟಿರುತ್ತಾರೆ. ಕಾಲೇಜಿನ ಹಳೆ ಕಡತ ಹುಡುಕಿಸಿ. ಸಿಕ್ಕರೆ ಒಳ್ಳೆಯದು, ಆದರೂ ಮೇಲೆ ಹೋಗಬೇಕಾದ್ದು ಓದುವ ಹಾಲ್ ಹೊರತು ಪುಸ್ತಕ ಅಲ್ಲ.

ಈಗ ಆ ಬಿರುಕು. ಬೇಸಿಗೆಯಲ್ಲಿ ಅಗಲ, ಮಳೆಯಲ್ಲಿ ಕಿರಿದು ಅಂತ ಬರೆದಿದ್ದೀರಿ ನೋಡಿ, ಅದು ನಿಮ್ಮ ಪತ್ರದಲ್ಲಿರುವ ಅತಿ ಮುಖ್ಯವಾದ ಮಾತು. ಅದು ಬಹುಮಟ್ಟಿಗೆ ಎರೆ ಮಣ್ಣಿನ ಕೆಲಸ. ನಮ್ಮ ಕಡೆಯ ಕರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ, ಹೊಲದಲ್ಲಿ ಎಲ್ಲರೂ ನೋಡಿದ್ದೇ. ಕಟ್ಟಡದ ನಡುಭಾಗದ ಕೆಳಗೆ ತೇವ ಹೆಚ್ಚು ಬದಲಾಗುವುದಿಲ್ಲ, ಅಂಚಿನಲ್ಲಿ ಮತ್ತು ಮೂಲೆಯಲ್ಲಿ ಮಾತ್ರ ಪ್ರತಿ ವರ್ಷ ಏರಿಳಿತ. ಹಾಗಾಗಿ ಮೂಲೆ ಕೂರುತ್ತದೆ, ಏಳುತ್ತದೆ, ಕಿಟಕಿಯ ತುದಿಯಿಂದ ಓರೆಯಾಗಿ ಸೀಳುತ್ತದೆ. ಇದಕ್ಕೆ ಸಿಮೆಂಟ್ ತುಂಬಿ ಬಣ್ಣ ಬಳಿದರೆ ಮುಂದಿನ ಏಪ್ರಿಲ್‌ಗೆ ಮತ್ತೆ ಅಲ್ಲೇ ಬಿಡುತ್ತದೆ. ಗೋಡೆಯ ಬುಡದಲ್ಲಿ ತೇವ ಏರಿಳಿಯದಂತೆ ಮಾಡುವುದೇ ಮದ್ದು. ಸುತ್ತಲೂ ಒಂದೂವರೆ ಎರಡು ಮೀಟರ್ ಅಗಲಕ್ಕೆ ಎರೆ ತೆಗೆದು, ಗರಸು ತುಂಬಿ ಕುಟ್ಟಿ, ಮೇಲೆ ಹೊರಗಡೆಗೆ ಇಳಿಜಾರಾದ ಕಾಂಕ್ರೀಟ್ ಹಾಸು ಹಾಕಿಸಿ. ತಾರಸಿಯ ನೀರು ಇಳಿಯುವ ಪೈಪು ಆ ಮೂಲೆಯ ಬುಡಕ್ಕೆ ಸುರಿಯುತ್ತಿದೆಯೇ ನೋಡಿ, ಎಷ್ಟೋ ಸಲ ಅಪರಾಧಿ ಅದೇ. ಪಕ್ಕದಲ್ಲಿ ನಲ್ಲಿ, ಶೌಚಾಲಯದ ಗುಂಡಿ, ದೊಡ್ಡ ಬೇವಿನ ಮರ ಇವೆಯಾ ಅದನ್ನೂ ನೋಡಿ. ಮರ ಕಡಿಸಿ ಅಂತ ಹೇಳುತ್ತಿಲ್ಲ. ಬೇರು ಮಣ್ಣಿನ ನೀರು ಹೀರುವುದರಿಂದ ಆ ಕಡೆ ಕುಗ್ಗುವುದು ಜಾಸ್ತಿ, ಅದಕ್ಕೆ ತಕ್ಕಂತೆ ಯೋಚಿಸಬೇಕು ಅಷ್ಟೇ. ಬಿರುಕಿನ ಅಡ್ಡ ಒಂದು ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆಯಿರಿ. ಅದು ಯಾವ ತಿಂಗಳು ಒಡೆಯುತ್ತದೆ ಅನ್ನುವುದು ಎಂಜಿನಿಯರಿಗೆ ಬಹಳ ಹೇಳುತ್ತದೆ.

ಇಷ್ಟು ಹೇಳಿದ ಮೇಲೆ 150 ಆಸನ ಎಲ್ಲಿಂದ ತರುವುದು ಅಂತ ನೀವು ಕೇಳುತ್ತೀರಿ. ಲೆಕ್ಕ ಹಾಕೋಣ.

ಒಬ್ಬ ಓದುಗನಿಗೆ ಮೇಜು, ಕುರ್ಚಿ, ಓಡಾಟ ಎಲ್ಲ ಸೇರಿ 2.33 ಚದರ ಮೀಟರ್ ಬೇಕು ಅನ್ನುವುದು ರೂಢಿಯ ಲೆಕ್ಕ, ಅಂದರೆ 25 ಚದರ ಅಡಿ. 150 ಜನಕ್ಕೆ 350 ಚದರ ಮೀಟರ್. ಪುಸ್ತಕಕ್ಕೆ ಬಂದರೆ, ದಾರಿಯನ್ನೂ ಸೇರಿಸಿ ಚದರ ಮೀಟರಿಗೆ 150 ಪುಸ್ತಕ ಅಂದುಕೊಳ್ಳಿ. ನಿಮ್ಮ 38,000ಕ್ಕೆ ಹತ್ತಿರ ಹತ್ತಿರ 250 ಚದರ ಮೀಟರ್ ಹೋಗಿದೆ. ಕಟ್ಟಡದ ಒಟ್ಟು ಜಾಗ 418. ಅಂದರೆ ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಪುಸ್ತಕ ಕೂತಿದೆ, ಮಕ್ಕಳು ಹೊರಗೆ ಕಟ್ಟೆ ಮೇಲೆ ಕೂತಿದ್ದಾರೆ.

ಆ 38,000ದಲ್ಲಿ ಎಷ್ಟು ಪುಸ್ತಕ ಕಳೆದ ಹತ್ತು ವರ್ಷದಲ್ಲಿ ಒಂದು ಸಲವಾದರೂ ಯಾರ ಕೈಗಾದರೂ ಹೋಗಿದೆ? ಕೋಹಾ, ಸೋಲ್ ಅಥವಾ ಇ-ಗ್ರಂಥಾಲಯ, ಯಾವ ಲೈಬ್ರರಿ ಸಾಫ್ಟ್‌ವೇರ್ ಬಳಸುತ್ತಿದ್ದರೂ ಈ ಪಟ್ಟಿ ತೆಗೆಯಬಹುದು. ಪದವಿ ಕಾಲೇಜುಗಳಲ್ಲಿ ಹಳೆ ಸಿಲಬಸ್ಸಿನ ಒಂದೇ ಪಠ್ಯಪುಸ್ತಕದ ನಲವತ್ತು ಐವತ್ತು ಪ್ರತಿಗಳು ಸುಮ್ನೆ ರ‍್ಯಾಕ್ ಹಿಡಿದುಕೊಂಡು ಕೂತಿರುತ್ತವೆ. ಎರಡೆರಡು ಪ್ರತಿ ಉಳಿಸಿ ಮಿಕ್ಕದ್ದನ್ನು ಸಮಿತಿ ಮುಂದಿಟ್ಟು, ಠರಾವು ಮಾಡಿಸಿ ತೆಗೆಯಿರಿ. ಹೀಗೆ ಒಂದು 8,000 ಹೋದರೆ 50 ಚದರ ಮೀಟರ್ ಬಿಡುವಾಗುತ್ತದೆ. ಅಪರೂಪಕ್ಕೆ ಬೇಕಾಗುವ ಇನ್ನೊಂದು 15,000ವನ್ನು ಹಳಿ ಮೇಲೆ ಸರಿಯುವ ಕಾಂಪ್ಯಾಕ್ಟರ್ ರ‍್ಯಾಕಿಗೆ ಹಾಕಿದರೆ ಅರ್ಧ ಜಾಗ ಉಳಿಯುತ್ತದೆ, ಅದು ಇನ್ನೊಂದು 50. ಒಟ್ಟು 100 ಚದರ ಮೀಟರ್, ಅಂದರೆ 40ಕ್ಕೂ ಹೆಚ್ಚು ಆಸನ ಹಳೆ ಕಟ್ಟಡದ ಒಳಗೇ ಸಿಕ್ಕಿತು. ಒಂದು ಇಟ್ಟಿಗೆಯನ್ನೂ ಇಟ್ಟಿಲ್ಲ.

ಕಾಂಪ್ಯಾಕ್ಟರ್ ಬಗ್ಗೆ ಎಚ್ಚರ. ಒತ್ತೊತ್ತಾಗಿ ನಿಲ್ಲುವುದರಿಂದ ಅದರ ಭಾರ ಮಾಮೂಲಿ ರ‍್ಯಾಕಿನ ಹತ್ತಿರ ಹತ್ತಿರ ಎರಡು ಪಟ್ಟು. ನೆಲ ಅಂತಸ್ತು ಬಿಟ್ಟು ಬೇರೆಲ್ಲೂ ಬೇಡ. ನೆಲದಲ್ಲೂ ಒಳಗೆ ತುಂಬಿದ ಮಣ್ಣು ಎರೆಯೋ ಗರಸೋ ನೋಡಿ, ಹಳಿಯ ಕೆಳಗೆ ಸರಳು ಹಾಕಿದ ಕಾಂಕ್ರೀಟ್ ಹಾಸು ಮಾಡಿಸಿ. ನೆಲ ಸ್ವಲ್ಪ ಕೂತರೂ ರ‍್ಯಾಕು ಸರಿಯುವುದಿಲ್ಲ. ನೆಲಕ್ಕೆ ಹಾಸಿದ ತಾಳಿಕೋಟಿ ಪರ್ಸಿ ಕಲ್ಲಿನ ಮೇಲೆ ನೇರವಾಗಿ ಹಳಿ ಜಡಿಯಲು ಬಂದವರನ್ನು ವಾಪಸ್ ಕಳಿಸಿ.

ಪುಸ್ತಕ ತೆಗೆಯುವ ವಿಷಯದಲ್ಲಿ ಒಂದು ಕೈಮುಗಿದ ವಿನಂತಿ. ರದ್ದಿಯ ಗಾಡಿ ಬರುವ ಮೊದಲು ಹಳೆಯ ಕನ್ನಡ ಪುಸ್ತಕ, ನಿಯತಕಾಲಿಕೆ, ಸ್ಮರಣ ಸಂಚಿಕೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ವಚನಗಳನ್ನು ಹುಡುಕಿ ಪ್ರಕಟಿಸಿದ ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿದ್ದು ಇದೇ ಊರಲ್ಲಿ. ಮಾರನೇ ವರ್ಷ ‘ಶಿವಾನುಭವ’ ಪತ್ರಿಕೆ ತಂದರು. ಆ ಮುದ್ರಣಾಲಯದಲ್ಲಿ ಅಚ್ಚಾದದ್ದು ವಿಜಯಪುರದ ಯಾವ ಕಾಲೇಜಿನ ಕಪಾಟಿನ ಹಿಂದಿನ ಸಾಲಿನಲ್ಲೂ ಇರಬಹುದು. ಕಂಪ್ಯೂಟರ್ ಪಟ್ಟಿಯಲ್ಲಿ ಅದು ‘ಹತ್ತು ವರ್ಷದಿಂದ ಯಾರೂ ಒಯ್ದಿಲ್ಲ’ ಅಂತಲೇ ತೋರಿಸುತ್ತದೆ. ಬೇರೆ ಕಡೆ ಸಿಗದ ಪುಸ್ತಕವನ್ನು ಎಷ್ಟು ಜನ ಓದಿದರು ಅಂತ ಅಳೆಯಬಾರದು. ಇಂಥವಕ್ಕೆ ಒಂದು ಬೀಗದ ಕಪಾಟು ಬೇರೆ ಮಾಡಿ, ಸ್ಕ್ಯಾನ್ ಮಾಡಿಸಿ.

ಉಳಿದ ಸುಮಾರು 105 ಆಸನಕ್ಕೆ ಹೊಸ ಹಾಲ್ ಬೇಕು. 250 ಚದರ ಮೀಟರ್, ಅಂದರೆ 2,700 ಚದರ ಅಡಿ. ಅದನ್ನು ಹಳೆ ಕಟ್ಟಡದ ಪಕ್ಕಕ್ಕೆ ಕಟ್ಟಿ. ತನ್ನದೇ ಪಾಯ, ತನ್ನದೇ ಕಂಬ, ಎರಡರ ನಡುವೆ ಪೂರ್ತಿ ಬಿಡುವು. ಹೊಸ ಬೀಮನ್ನು ಹಳೆ ಕಲ್ಲಿನ ಗೋಡೆ ಮೇಲೆ ಕೂರಿಸಿ ದುಡ್ಡು ಉಳಿಸೋಣ ಅಂತ ಗುತ್ತಿಗೆದಾರರು ಹೇಳುತ್ತಾರೆ, ಒಪ್ಪಬೇಡಿ. ಹಳೆ ಕಟ್ಟಡ ಕೂರುವುದಿದ್ದಷ್ಟು ಕೂತು ಆಗಿದೆ, ಹೊಸದು ಇನ್ನು ಕೂರಬೇಕು. ಕೂಡಿಸಿ ಕಟ್ಟಿದರೆ ಎರಡೂ ಸೀಳುತ್ತವೆ. ಬಿಡುವನ್ನು ತಗಡಿನಿಂದ, ರಬ್ಬರಿನಿಂದ ಮುಚ್ಚಬಹುದು, ನೀರು ಇಳಿಯದಂತೆ ಅದನ್ನು ಮಾಡುವುದು ಕಷ್ಟದ ಕೆಲಸವೇನಲ್ಲ. ಪಾಯ ತೆಗೆಯುವಾಗ ಹಳೆ ಪಾಯಕ್ಕಿಂತ ಆಳಕ್ಕೆ ಅದರ ಪಕ್ಕದಲ್ಲೇ ಅಗೆಯಬಾರದು. ಹೋಗಲೇಬೇಕಾದರೆ ದೂರ ಸರಿದು ಅಗೆಯಿರಿ, ಇಲ್ಲವೇ ತುಂಡು ತುಂಡಾಗಿ. ವಿಜಯಪುರ ನಗರದಲ್ಲಿ ಕೆಲವು ಕಡೆ ಸ್ವಲ್ಪ ಕೆಳಗೇ ಕರಿಕಲ್ಲು ಸಿಗುತ್ತದೆ, ಡೋಣಿ ನದಿಯ ಬಯಲಿನ ಕಡೆ ಹೋದರೆ ಎರೆ ಬಹಳ ಆಳ. ನಿಮ್ಮಲ್ಲಿ ಯಾವುದು ಅಂತ ಎರಡು ಮೂರು ಗುಂಡಿ ತೆಗೆದು ನೋಡಿಯೇ ಹೇಳಬೇಕು. ಎರೆ ಆಳವಾಗಿದ್ದರೆ ಆಳಕ್ಕೆ ಇಳಿಸುವ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್ ಹಾಕುವುದು ನಮ್ಮ ದೇಶದಲ್ಲಿ ದಶಕಗಳಿಂದ ನಡೆದು ಬಂದ ದಾರಿ. ಕಟ್ಟಡ ಸಂಶೋಧನೆ ನಡೆಸುವ ರೂರ್ಕಿಯ ಸಿಬಿಆರ್‌ಐ ಸಂಸ್ಥೆ ಕರಿ ಮಣ್ಣಿಗೆಂದೇ ಬೆಳೆಸಿದ ವಿಧಾನ ಅದು.

ಮುಂದೆ ಮಹಡಿ ಬೇಕೆನಿಸಿದರೆ ಈ ಹೊಸ ಭಾಗದ ಮೇಲೆ ಬರಲಿ, ಪಾಯ ಮತ್ತು ಕಂಬಗಳಿಗೆ ಈಗಲೇ ಅದರ ಲೆಕ್ಕ ಸೇರಿಸಿ. ಅದಕ್ಕೆ ಈಗ ಆಗುವ ಹೆಚ್ಚಿನ ಖರ್ಚು ಆಮೇಲಿನ ತಲೆನೋವಿಗೆ ಹೋಲಿಸಿದರೆ ಏನೂ ಅಲ್ಲ.

ನಕಾಶೆಗೆ ಕೈ ಹಾಕುವ ಮೊದಲು ಇನ್ನೊಂದು ವಿಚಾರ, ಇದು ವಿಜಯಪುರಕ್ಕೇ ವಿಶೇಷ. ಕಾಲೇಜಿನ ಹತ್ತಿರ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಇದೆಯಾ? ಈ ಊರಲ್ಲಿ ಯಾವ ಓಣಿಗೆ ಹೋದರೂ ಒಂದು ಗುಮ್ಮಟ, ಒಂದು ಮಸೀದಿ, ಕೋಟೆಯ ಒಂದು ತುಂಡು ಇರುತ್ತದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಇದ್ದದ್ದರ ರಿಪೇರಿ, ನವೀಕರಣಕ್ಕೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿ ಕಟ್ಟಬಹುದು, ಆದರೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆ ಪಡೆದು. ಅಳತೆ ಸ್ಮಾರಕದ ಗೋಡೆಯಿಂದ ಅಲ್ಲ, ಅದರ ಸಂರಕ್ಷಿತ ಗಡಿಯಿಂದ ಶುರುವಾಗುತ್ತದೆ. ಹಾಗಾಗಿ ಕಣ್ಣಳತೆಯಲ್ಲಿ ದೂರ ಅನ್ನಿಸಿದ್ದು ಕಾಗದದ ಮೇಲೆ ಹತ್ತಿರ ಇರಬಹುದು. ನೀವು 100 ಮೀಟರ್ ಒಳಗಿದ್ದರೆ ಹಳೆ ಕಟ್ಟಡ ಕೆಡವಿದ ಮೇಲೆ ಮತ್ತೆ ಕಟ್ಟಲು ಬಿಡುವುದಿಲ್ಲ. ಕೆಡವುವ ಮಾತು ಬದಿಗಿಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಹೊಸ ಹಾಲ್ ಹೇಗಿರಬೇಕು? ನಮ್ಮ ಕಾಲೇಜುಗಳಲ್ಲಿ ಇಂದು ಓದಲು ಕೂರುವವರಲ್ಲಿ ಬಹಳ ಮಂದಿ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವವರು. ಪಿಎಸ್‌ಐ, ಪಿಡಿಒ, ಕೆಪಿಎಸ್‌ಸಿ. ಪುಸ್ತಕ ತಾವೇ ತರುತ್ತಾರೆ, ಅವರಿಗೆ ಬೇಕಾದ್ದು ಮೇಜು, ಬೆಳಕು, ಮೊಬೈಲಿಗೆ ಚಾರ್ಜು, ಕುಡಿಯುವ ನೀರು, ಬೆಳಗ್ಗೆಯಿಂದ ರಾತ್ರಿವರೆಗೆ ತೆರೆದ ಬಾಗಿಲು. ಮನೆಯಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಇರುವ ಮಗು ಇಲ್ಲಿಗೆ ಬರುತ್ತದೆ. ಹಾಗಾಗಿ ಹೊಸ ಹಾಲಿಗೆ ಕ್ಯಾಂಪಸ್ ಕಡೆಯಿಂದ ಬೇರೆ ಬಾಗಿಲು ಕೊಡಿ, ಅದಕ್ಕೆ ಸೇರಿದ ಶೌಚಾಲಯ ಇರಲಿ. ಸಂಜೆ ಐದಕ್ಕೆ ಪುಸ್ತಕದ ಭಾಗಕ್ಕೆ ಬೀಗ ಹಾಕಿ, ಓದುವ ಹಾಲನ್ನು ಒಬ್ಬ ಕಾವಲುಗಾರನ ಮೇಲೆ ರಾತ್ರಿ ಒಂಬತ್ತು ಹತ್ತರವರೆಗೂ ನಡೆಸಬಹುದು. ಹೆಣ್ಣುಮಕ್ಕಳು ರಾತ್ರಿವರೆಗೆ ಕೂರಬೇಕಾದರೆ ಬಾಗಿಲಿನಿಂದ ಗೇಟಿನವರೆಗೆ ದೀಪ ಬೇಕು, ಅದನ್ನೂ ಎಸ್ಟಿಮೇಟಿನಲ್ಲೇ ಬರೆಸಿ. ಆಮೇಲೆ ಹಾಕೋಣ ಅಂದದ್ದು ಬರುವುದಿಲ್ಲ.

ಬಿಸಿಲಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು, ಪರೀಕ್ಷೆಗಳೂ ಅದೇ ಹೊತ್ತಿಗೆ. ಹಾಲನ್ನು ಪೂರ್ವ-ಪಶ್ಚಿಮಕ್ಕೆ ಉದ್ದವಾಗಿ ಇಟ್ಟು, ದೊಡ್ಡ ಕಿಟಕಿಗಳನ್ನು ಉತ್ತರಕ್ಕೆ ಕೊಡಿ. ದಕ್ಷಿಣಕ್ಕೆ ಆಳವಾದ ಸಜ್ಜ ಇರುವ ಕಿಟಕಿ ಸಾಕು. ಪಶ್ಚಿಮಕ್ಕೆ ಕಿಟಕಿ ಬೇಡ, ಆ ಕಡೆ ಮೆಟ್ಟಿಲು, ಶೌಚಾಲಯ, ಸ್ಟೋರ್ ಬರಲಿ. ಮುಂಭಾಗಕ್ಕೆ ನೀಲಿ ಗಾಜು ಹೊದಿಸುವ ಆಸೆ ಮಂಡಳಿಗೆ ಇದ್ದರೆ ದಯವಿಟ್ಟು ತಡೆಯಿರಿ, ಗಾಜಿನ ಹಿಂದೆ ಕೂತು ಮೇ ತಿಂಗಳಲ್ಲಿ ಯಾರೂ ಓದಲಾರರು. ತಾರಸಿಗೆ ಬಿಳಿ ಹೆಂಚಿನ ಚೂರು ಅಥವಾ ಬಿಸಿಲು ವಾಪಸ್ ಕಳಿಸುವ ಬಿಳಿ ಬಣ್ಣ ಹಾಕಿಸಿ. ನಮ್ಮ ಬೇಸಿಗೆ ಒಣ ಬೇಸಿಗೆ, ಆದ್ದರಿಂದ ನೀರಿನ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಎಸಿಯ ಕರೆಂಟ್ ಬಿಲ್ಲಿಗೆ ಹೆದರಬೇಕಾಗಿಲ್ಲ. ಆದರೆ ಓದುವ ಹಾಲಿಗೆ ಮಾತ್ರ. ಪುಸ್ತಕದ ಕೋಣೆಗೆ ಕೂಲರ್ ಇಟ್ಟರೆ ತೇವ ಏರಿ ಬೂಷ್ಟು ಹಿಡಿಯುತ್ತದೆ. ಮೇಜಿನ ಮೇಲೆ 300 ಲಕ್ಸ್ ಬೆಳಕು ಬೀಳಬೇಕು ಅಂತ ಎಲೆಕ್ಟ್ರಿಷಿಯನ್‌ಗೆ ಬರೆದು ಕೊಡಿ.

ಹಳೆ ಕಟ್ಟಡದಲ್ಲಿ ರ‍್ಯಾಕುಗಳನ್ನು ಕಿಟಕಿಯ ಗೋಡೆಗೆ ಅಡ್ಡಲಾಗಿ ನಿಲ್ಲಿಸಿ, ಆಗ ಸಾಲುಗಳ ನಡುವೆ ಬೆಳಕು ಬರುತ್ತದೆ. ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ, ಗೆದ್ದಲು ಬಂದರೆ ಕಾಣಬೇಕು. ಸಾಲುಗಳ ನಡುವೆ 90 ಸೆಂಟಿಮೀಟರಿಗಿಂತ ಕಡಿಮೆ ಬೇಡ, ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿಯೂ ತನ್ನ ಪುಸ್ತಕ ತಾನೇ ತೆಗೆದುಕೊಳ್ಳಲಿ. ಬಾಗಿಲಿಗೆ ರ‍್ಯಾಂಪ್ ಒಂದಕ್ಕೆ ಹನ್ನೆರಡರ ಇಳಿಜಾರಿನಲ್ಲಿ ಬೇಕು, ಅಂದರೆ ಎರಡು ಅಡಿ ಎತ್ತರಕ್ಕೆ 24 ಅಡಿ ಉದ್ದ. ಜಾಗ ಇಲ್ಲ ಅಂತ ಕಡಿದಾಗಿ ಮಾಡಿದ ರ‍್ಯಾಂಪ್ ಯಾರಿಗೂ ಉಪಯೋಗ ಇಲ್ಲ. ರ‍್ಯಾಕುಗಳ ತಲೆಯನ್ನು ಒಂದಕ್ಕೊಂದು ಪಟ್ಟಿಯಿಂದ ಬಿಗಿಯಿರಿ, ಭೂಮಿ ಅಲುಗಿದರೆ ಮೊದಲು ಬೀಳುವುದು ಅವೇ. ಹಳೆ ವೈರಿಂಗ್ ಪೂರ್ತಿ ತೆಗೆಸಿ.

ಸೋರುವ ಸ್ಲ್ಯಾಬಿಗೆ ಮೇಲೆ ಲೇಪ ಹಾಕುವ ಮೊದಲು ಒಳಗಿನ ಕಬ್ಬಿಣ ಹೇಗಿದೆ ನೋಡಬೇಕು. ಸರಳು ತುಕ್ಕು ಹಿಡಿದು ಉಬ್ಬಿದ್ದರೆ ಲೇಪದಿಂದ ಏನೂ ಆಗುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಕಾಂಕ್ರೀಟಿನ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್, ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಿಸಿ, ಒಂದೆರಡು ಕಡೆ ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ತುಂಡು) ತೆಗೆಸಿ, ಕಾರ್ಬೊನೇಷನ್ (ಗಾಳಿ ತಾಗಿ ಕಾಂಕ್ರೀಟ್ ಸರಳನ್ನು ತುಕ್ಕಿನಿಂದ ಕಾಯುವ ಗುಣ ಕಳೆದುಕೊಳ್ಳುವುದು) ಎಷ್ಟು ಆಳಕ್ಕೆ ಹೋಗಿದೆ ಅಂತ ಬರೆಸಿ. ಒಟ್ಟು ಕೆಲಸದ ಮುಂದೆ ಈ ಖರ್ಚು ಚಿಕ್ಕದು. ಹಳೆಯ ಸೋರಿಕೆ ಮುಚ್ಚಲು ವರ್ಷ ವರ್ಷ ಒಂದು ಪದರ ಹಾಕುತ್ತಾ ಬಂದು ತಾರಸಿ ದಪ್ಪವಾಗಿದ್ದರೆ ಅದನ್ನೆಲ್ಲ ಕೆತ್ತಿ ಇಳಿಸಿ, ಆಮೇಲೆ ಹೊಸದಾಗಿ ಇಳಿಜಾರು ಕೊಟ್ಟು ಜಲನಿರೋಧಕ ಹಾಕಿಸಿ.

ಕೊನೆಯದು, ಕೆಲಸ ನಡೆಯುವಾಗ ಪುಸ್ತಕ ಎಲ್ಲಿಡುವುದು. ಮಹಡಿ ಮೇಲಿನ ಖಾಲಿ ಕ್ಲಾಸ್‌ರೂಮಿನಲ್ಲಿ ರಾಶಿ ಹಾಕಬೇಡಿ. ಅದು 300 ಕಿಲೋ ಲೆಕ್ಕದ ನೆಲ, ನಾಲ್ಕು ಅಡಿ ಎತ್ತರದ ಪುಸ್ತಕದ ರಾಶಿ ಅದರ ಎರಡು ಪಟ್ಟನ್ನು ಸುಲಭವಾಗಿ ದಾಟುತ್ತದೆ. ನೆಲ ಅಂತಸ್ತಿನ ಕೋಣೆ ಕೇಳಿ ಪಡೆಯಿರಿ. ಕಟ್ಟುಗಳ ಮೇಲೆ ರ‍್ಯಾಕ್ ನಂಬರ್, ಸಾಲು ನಂಬರ್ ಬರೆದು ವರ್ಗ ಸಂಖ್ಯೆಯ ಕ್ರಮದಲ್ಲೇ ಕಟ್ಟಿ. ಸ್ಟಾಕ್ ಪರಿಶೀಲನೆಯನ್ನೂ ಆಗಲೇ ಮುಗಿಸಿ, ಪುಸ್ತಕ ಹೇಗೂ ಕೈಗೆ ಬಂದಿರುತ್ತದೆ. ಕಳೆದುಹೋದ ಪುಸ್ತಕಕ್ಕೆ ತಮ್ಮನ್ನು ಹೊಣೆ ಮಾಡುತ್ತಾರೆ ಅಂತ ಅನೇಕ ಗ್ರಂಥಪಾಲಕರು ಈ ಕೆಲಸವನ್ನು ಮುಂದೂಡುತ್ತಾರೆ. ಕೇಂದ್ರ ಸರ್ಕಾರದ ಜನರಲ್ ಫೈನಾನ್ಷಿಯಲ್ ರೂಲ್ಸ್ 2017ರಲ್ಲಿ, ವರ್ಷದಲ್ಲಿ ಬಳಕೆಯಾದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ ಅಂತ 215ನೇ ನಿಯಮ ಹೇಳುತ್ತದೆ. ನಿಮ್ಮ ಕಾಲೇಜಿಗೆ ಅದು ನೇರವಾಗಿ ಅನ್ವಯಿಸದಿದ್ದರೂ ಮಂಡಳಿಯ ಮುಂದೆ ಇಡಲು ಒಳ್ಳೆಯ ಆಧಾರ.

ಇಲ್ಲಿ ಸೆಪ್ಟೆಂಬರ್ ಮಳೆ ಜೋರು. ಹಳೆ ತಾರಸಿಯ ಕೆಲಸ ಬೇಸಿಗೆ ರಜೆಯಲ್ಲಿ ಶುರುವಾಗಿ ಜೂನ್ ಒಳಗೆ ಮುಗಿಯುವಂತೆ ಟೆಂಡರ್ ಕರೆಯಿರಿ, ಹೊಸ ಹಾಲಿನ ಪಾಯ ಮಳೆ ನಿಂತ ಮೇಲೆ ತೆಗೆಯಿರಿ. ಅಷ್ಟರಲ್ಲಿ ಹಳೆ ನಕಾಶೆ, ಗುಂಡಿ ತೆಗೆದ ಮಣ್ಣಿನ ವರದಿ, ಬಿರುಕಿನ ಫೋಟೋ ಸಿಕ್ಕರೆ ಕಳಿಸಿ. ಹೊಸ ಹಾಲನ್ನು ಯಾವ ದಿಕ್ಕಿಗೆ ಕೂರಿಸಬಹುದು ಅಂತ ನೋಡಿ ಹೇಳುತ್ತೇನೆ.